ಚಾರ್ಟರ್ 77
ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯದಲ್ಲಿ ಮಾನವ ಹಕ್ಕುಗಳ ಪಾಲನೆಗೆ ಒತ್ತಾಯಿಸಿ 1977ರ ಜನವರಿಯಲ್ಲಿ ಹೊರಬಂದ ಘೋಷಣಾಪತ್ರ. ಅದಕ್ಕೆ ಸಹಿ ಹಾಕಿದವರ ಅನೌಪಚಾರಿಕ ನಾಗರಿಕ ಚಳವಳಿಗೂ ಇದೇ ಹೆಸರು. 1968ರ ಸುಧಾರಣೆಗಳನ್ನು ವಾರ್ಸಾ ಒಪ್ಪಂದದ ಸೇನೆಗಳು ಹತ್ತಿಕ್ಕಿದ ಮೇಲೆ ಹೆಚ್ಚಿದ ದಮನ, 1975ರ ಹೆಲ್ಸಿಂಕಿ ಒಪ್ಪಂದದಲ್ಲಿ ಸರ್ಕಾರವೇ ಮಾನ್ಯಮಾಡಿದ್ದ ಹಕ್ಕುಗಳ ಉಲ್ಲಂಘನೆ ಮತ್ತು 1976ರಲ್ಲಿ ರಾಕ್ ಸಂಗೀತಗಾರರ ಮೇಲೆ ನಡೆದ ಮೊಕದ್ದಮೆ ಇದರ ಹುಟ್ಟಿಗೆ ಕಾರಣವಾದುವು. ದಾರ್ಶನಿಕ ಯಾನ್ ಪಾಟೊಚ್ಕ (1907-77), 1968ರಲ್ಲಿ ವಿದೇಶಾಂಗ ಸಚಿವರಾಗಿದ್ದ ಯಿರ್ಜಿ ಹಾಯೆಕ್ ಮತ್ತು ನಾಟಕಕಾರ ವಾಟ್ಸ್ಲಾವ್ ಹಾವೆಲ್ (1936-2011) ಮೊದಲ ವಕ್ತಾರರು. ಯುದ್ಧಪೂರ್ವದ ವಿದ್ವಾಂಸರು, ಪಕ್ಷದಿಂದ ಉಚ್ಚಾಟಿತರಾದ ಸುಧಾರಣಾವಾದಿಗಳು, ಕ್ರೈಸ್ತ ಶ್ರದ್ಧಾವಂತರು ಹಾಗೂ ತರುಣ ಕಲಾವಿದರು ಹೀಗೆ ಇದರಲ್ಲಿ ಒಂದುಗೂಡಿದರು. ದೀರ್ಘ ಪೊಲೀಸ್ ವಿಚಾರಣೆಗಳ ಬೆನ್ನಲ್ಲೇ ಪಾಟೊಚ್ಕ ಅದೇ ವರ್ಷದ ಮಾರ್ಚ್ 13ರಂದು ತೀರಿಕೊಂಡರು. ಸಹಿದಾರರಲ್ಲಿ ಅನೇಕರು ಉದ್ಯೋಗ ಕಳೆದುಕೊಂಡು ಬಾಯ್ಲರ್ ಕಾಯುವಂಥ ಕೆಲಸಕ್ಕೆ ಇಳಿಯಬೇಕಾಯಿತು, ಹಲವರು ಸೆರೆವಾಸ ಅನುಭವಿಸಿದರು, ಅವರ ಮಕ್ಕಳಿಗೂ ಉನ್ನತ ಶಿಕ್ಷಣವನ್ನು ನಿರಾಕರಿಸಲಾಯಿತು. ಆದರೂ ನಿಷೇಧಿತ ಬರೆಹಗಳನ್ನು ಬೆರಳಚ್ಚಿಸಿ ಗುಟ್ಟಾಗಿ ಹಂಚುವ ಸಮಿಜ್ದಾತ್ ಪದ್ಧತಿ, ಮನೆಗಳಲ್ಲಿ ನಡೆದ ಪಾಠಗಳು ಮತ್ತು ಅನ್ಯಾಯವಾಗಿ ಶಿಕ್ಷೆಗೊಳಗಾದವರ ರಕ್ಷಣೆಗೆ 1978ರಲ್ಲಿ ರಚಿತವಾದ ಸಮಿತಿಯ ಮೂಲಕ ಪ್ರತಿರೋಧ ಮುಂದಿನ ಪೀಳಿಗೆಗೆ ಹರಿಯಿತು. 1989ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಮೆರವಣಿಗೆಯಿಂದ ಆರಂಭಗೊಂಡ ವೆಲ್ವೆಟ್ ಕ್ರಾಂತಿಯಲ್ಲಿ ಸಹಿದಾರರು ನೇತೃತ್ವ ವಹಿಸಿದರು. ಡಿಸೆಂಬರ್ 29ರಂದು ಹಾವೆಲ್ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದರು. ಚಳವಳಿ 1992ರಲ್ಲಿ ವಿಸರ್ಜನೆಗೊಂಡಿತು.