ಹಟ್ಟಿಯ ಚಿನ್ನ, ಹಟ್ಟಿಯ ನೀರು

ಗೆಳೆಯರೇ, ಇವತ್ತು ಒಂದು ಪುಟ್ಟ ಪರೀಕ್ಷೆ. ಮೂರೇ ಪ್ರಶ್ನೆ. ಗೂಗಲ್ ಮಾಡೋ ಹಾಗಿಲ್ಲ :)

ಒಂದು: ಅಂತರ್ಜಲ ಎಲ್ಲಿರುತ್ತೆ?

ನೆಲದೊಳಗೆ ಹರಿಯೋ ಹೊಳೆಯಲ್ಲಿ ಅಂದ್ರಾ? ತಪ್ಪು. ನಮ್ಮ ರಾಯಚೂರು ಸೀಮೆ ಗಟ್ಟಿ ಕಲ್ಲಿನ ನೆಲ. ಮೇಲೆ ಶಿಥಿಲವಾದ ಕಲ್ಲಿನ ಪದರ, ಅದರ ಕೆಳಗೆ ಬಂಡೆಯ ಬಿರುಕುಗಳು. ನೀರು ಇರೋದು ಇಷ್ಟರಲ್ಲೇ. ಆಳಕ್ಕೆ ಹೋದಂತೆ ಬಿರುಕುಗಳೂ ಸಾಮಾನ್ಯವಾಗಿ ಕಮ್ಮಿಯಾಗುತ್ವೆ. ಅದಕ್ಕೇ ಇಲ್ಲಿ ಬೋರು ಹಾಕಿಸಿದಾಗ ಬಿರುಕು ಸಿಕ್ಕವನಿಗೆ ನೀರು, ಸಿಗದವನಿಗೆ ಸಾಲ.

ಎರಡು: ಪಂಪೇ ಇಲ್ಲದ ಕಾಲದಲ್ಲಿ ಇಲ್ಲಿನವರು ಎಷ್ಟು ಆಳ ತೋಡಿದ್ದರು?

ಹಟ್ಟಿ ಗಣಿಯ ಹಳೇ ಸುರಂಗಗಳು ಸುಮಾರು 640 ಅಡಿ ಇಳಿದಿವೆ. ಅಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ ಒಡೀತಿದ್ದರು. ಜಲಮಟ್ಟಕ್ಕಿಂತ ಕೆಳಗೆ ಇಳಿದ ಮೇಲೆ ಸುತ್ತಲ ಬಿರುಕಿನಿಂದ ನೀರು ಒಸರುತ್ತಲೇ ಇರುತ್ತೆ. ಅದನ್ನು ಎತ್ತಿ ಹಾಕದೆ ಒಂದಡಿಯೂ ಮುಂದೆ ಹೋಗೋಕಾಗಲ್ಲ. ಹಾಗೆ ನೀರು ಎತ್ತಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅಂದ ಹಾಗೆ, ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದೂ ಒಬ್ಬ ಚಿನ್ನದ ಗಣಿ ಇಂಜಿನಿಯರ್, ಸಿ. ಬೀಡನ್!

ಮೂರು: ತಿಳಿಯಾಗಿ ಕಾಣೋ ಬೋರ್ ನೀರು ಕುಡಿಯಬಹುದಾ?

ಇದು ಸ್ವಲ್ಪ ಗಂಭೀರ. ಸುಮಾರು 250 ಕೋಟಿ ವರ್ಷದ ಹಿಂದೆ ಬಂಡೆಯ ಸೀಳುಗಳಲ್ಲಿ ನುಗ್ಗಿದ ಬಿಸಿನೀರೇ ಇಲ್ಲಿ ಚಿನ್ನ ತಂದಿಟ್ಟಿದ್ದು. ಜೊತೆಗೆ ಆರ್ಸೆನೋಪೈರೈಟ್ ಅನ್ನೋ ಖನಿಜವನ್ನೂ ಇಟ್ಟಿತು. ಅದರಲ್ಲಿರೋದು ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಅಂತಿದ್ದರಲ್ಲ, ಅದೇ. ಗಾಳಿ ತಾಗಿ ಆ ಖನಿಜ ಕರಗಿದರೆ ಪಾಷಾಣ ನೀರಿಗೆ ಸೇರಬಹುದು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೂ ಹೋಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರು ಕುಡಿದವರ ಮೈಮೇಲೆ ಕಲೆ, ಅಂಗೈ ಅಂಗಾಲಲ್ಲಿ ಗಂಟು. 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಆರ್ಸೆನಿಕ್ ಕಾರಣ ಅಂತ ದಾಖಲಿಸಿತು.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಕೋಡ್ ಬರೆಯೋದು. ಆದರೂ ಇಷ್ಟು ಅರ್ಥವಾಗುತ್ತೆ: ಚಿನ್ನ ಎಷ್ಟಿದೆ ಅಂತ ಎರಡು ಸಾವಿರ ವರ್ಷದಿಂದ ಕಲ್ಲು ಒಡೆದು ನೋಡಿದ್ದೀವಿ. ನೀರಲ್ಲಿ ಏನಿದೆ ಅಂತ ನೋಡೋಕೆ ಒಂದು ಬಾಟಲಿ ನೀರು ಸಾಕು.

ಮೂರಕ್ಕೆ ಎಷ್ಟು ಅಂಕ ಬಂತು? ನಿಮ್ಮೂರ ಬೋರ್ ನೀರನ್ನು ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ? ಕಮೆಂಟಿನಲ್ಲಿ ತಿಳಿಸಿ.