ಹತ್ತು ದಿನದ ಓದು

ಊಟಿಗೆ ಹೋಗಿಬಂದವರಿಗೆಲ್ಲ ಗುಂಡ್ಲುಪೇಟೆ ಗೊತ್ತು. ಮೈಸೂರಿನಿಂದ ಬಂದ ರಸ್ತೆ ಅಲ್ಲಿ ಕವಲೊಡೆದು, ಒಂದು ಬಂಡೀಪುರದ ಕಾಡನ್ನು ಹೊಕ್ಕು ನೀಲಗಿರಿಗೆ ಹೋಗುತ್ತದೆ, ಇನ್ನೊಂದು ವಯನಾಡಿಗೆ. ನಾನು ಹುಡುಗನಾಗಿದ್ದಾಗ ಹೊರದೇಶದವರನ್ನು ಕಾಣುತ್ತಿದ್ದುದು ಅವರು ಕಾಫಿ ಕುಡಿಯಲು ಕಾರು ನಿಲ್ಲಿಸಿದ ಹತ್ತು ನಿಮಿಷ ಮಾತ್ರ. ಅದೇ ತಾಲ್ಲೂಕಿನ ಭೀಮನಬೀಡು ನನ್ನ ತಾಯಿಯ ತವರು. ಬೀಡು ಎಂದರೆ ತಂಗುವ ಜಾಗವಷ್ಟೆ. ಆದರೆ ಸಮುದ್ರದಾಚೆಯವರು ಆ ಊರಿನಲ್ಲಿ ಬೀಡು ಬಿಟ್ಟುದನ್ನು ನಾನು ಮೊದಲು ನೋಡಿದ್ದು 2024ರ ಫೆಬ್ರವರಿಯಲ್ಲಿ.

ಬಂದವರು ಯುರೋಪಿನ ಒಂದು ವಿಶ್ವವಿದ್ಯಾನಿಲಯದ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನನ್ನ ಸೋದರಮಾವನ ಮೊಮ್ಮಗಳು ಮೈಸೂರಿನಲ್ಲಿ ಓದುತ್ತಾಳೆ, ಅವಳು ಐದನೆಯವಳು. ಅರಿಶಿನ ಬೇಯಿಸುವ ಒಲೆಯಲ್ಲಿ ಸೌದೆ ಉಳಿಸುವುದು ಹೇಗೆ ಎಂಬುದು ಐವರಿಗೂ ಕೊಟ್ಟ ಪಾಠ. ನವೆಂಬರಿನಿಂದ ವಾರಕ್ಕೆ ಎರಡು ಸಲ ಆನ್‌ಲೈನಿನಲ್ಲಿ ಕಲೆತು ಕೆಲಸ ಮಾಡಿದ್ದರು. ಕೊನೆಗೆ ಹತ್ತು ದಿನ ಒಲೆಯ ಮುಂದೆಯೇ ಕೂಡುವುದೆಂದು ಏರ್ಪಾಡು.

ಮಾವನ ಹೆಂಡತಿ, ನಮ್ಮ ಅತ್ತೆಮ್ಮ, ಇದನ್ನು ಕೇಳಿ ನಕ್ಕರು. "ಹತ್ತು ದಿವ್ಸಕ್ಕೆ ಬರೋರು ನೆಂಟ್ರು ಕಣ್ ಮಗ. ಅವ್ರನ್ನ ಓದೋರು ಅಂತಾರಾ?"

ನನಗೆ ಆಗ ಉತ್ತರ ತೋಚಲಿಲ್ಲ. ಹಳ್ಳಿಯನ್ನು ಓದಲು ಹೊರಗಿನಿಂದ ಬಂದವರ ಚರಿತ್ರೆ ನಮ್ಮಲ್ಲಿ ಚಿಕ್ಕದೇನೂ ಅಲ್ಲ. ಅದರಲ್ಲಿ ನನಗೆ ಮೊದಲು ನೆನಪಾದವರು ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯಹೂದಿ ಮನೆಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡು ಸೇರಿದ ಹೆಣ್ಣುಮಗಳು. ಮ್ಯಾಂಚೆಸ್ಟರಿನಲ್ಲಿ ಓದಿ 1954ರಲ್ಲಿ ಮಂಡ್ಯದ ಸೀಮೆಗೆ ಬಂದರು. ಪುಸ್ತಕದಲ್ಲಿ ವಂಗಲ, ದಲೇನ ಎಂದು ಕರೆದಿರುವ ಎರಡು ಹಳ್ಳಿಗಳನ್ನು ಆರಿಸಿಕೊಂಡು ಎರಡು ವರ್ಷ ಅಲ್ಲಿ ಕೆಲಸ ಮಾಡಿದರು. ಒಂದು ಹಳ್ಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಅವರು ಕಂಡದ್ದು ಬೇರೆ. ನೀರು ಬಂದವರು ಕಬ್ಬು ಬೆಳೆದು ಹಣವಂತರಾದರೂ ಹಳೆಯ ನಡೆವಳಿಕೆಯನ್ನು ಬಿಡಲಿಲ್ಲ. ನೀರಿಲ್ಲದವರು ಮಂಡ್ಯದ ಪೇಟೆಗೆ, ಕಾರ್ಖಾನೆಗೆ, ವ್ಯಾಪಾರಕ್ಕೆ ಇಳಿದು ಊರಿನ ಕಟ್ಟುಪಾಡನ್ನೇ ಸಡಿಲಿಸಿಕೊಂಡರು. ಹತ್ತು ದಿನ ಇದ್ದು ಹೋಗಿದ್ದರೆ ಹಸಿರು ಗದ್ದೆ ಕಣ್ಣು ತುಂಬುತ್ತಿತ್ತೇ ಹೊರತು ಈ ಸಂಗತಿ ಕಾಣುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅತ್ತೆಮ್ಮನ ಮಾತು ನಿಜ.

ಆದರೆ ಆ ಕತೆಗೆ ಇನ್ನೊಂದು ಮುಖ ಉಂಟು. ಎಪ್‌ಸ್ಟೈನರಿಗೆ ಆ ಹಳ್ಳಿಗಳಲ್ಲಿ ಸಹಾಯಕರಾಗಿ ದುಡಿದವರು ಎ. ಪಿ. ಸೂರ್ಯನಾರಾಯಣ. 1962ರಲ್ಲಿ ಮೊದಲ ಪುಸ್ತಕ ಬಂದಾಗ ಅದು ಎಪ್‌ಸ್ಟೈನ್ ಒಬ್ಬರದೇ. 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಹೊರತಂದದ್ದೂ ಅವರೊಬ್ಬರದೇ. 1998ರಲ್ಲಿ ನಲವತ್ತು ವರ್ಷಗಳ ಬದಲಾವಣೆಯನ್ನು ಕುರಿತು ಬಂದ ಪುಸ್ತಕದ ಮೇಲೆ ಮಾತ್ರ ಮೂರು ಹೆಸರು: ಎಪ್‌ಸ್ಟೈನ್, ಸೂರ್ಯನಾರಾಯಣ, ಟಿ. ತಿಮ್ಮೇಗೌಡ. ಸಹಾಯಕ ಲೇಖಕನಾಗಲು ನಲವತ್ತನಾಲ್ಕು ವರ್ಷ ಹಿಡಿಯಿತು. ಇದನ್ನು ಎಪ್‌ಸ್ಟೈನರ ಮೇಲಿನ ದೂರಾಗಿ ಹೇಳುತ್ತಿಲ್ಲ. ಆ ಕಾಲದ ಎಷ್ಟೋ ಪಂಡಿತರು ಕೊನೆಯವರೆಗೂ ಮುನ್ನುಡಿಯ ಒಂದು ಸಾಲಿನ ಕೃತಜ್ಞತೆಯಲ್ಲೇ ಇಂಥ ಋಣ ತೀರಿಸಿದರು.

ಮೊದಲು ದೂರದಿಂದ ಜತೆಯಾಗಿ ದುಡಿಯುವುದು ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನಲ್ಲಿ ಸೆಲೆಸ್ಟಿನ್ ಫ್ರೆನೆ ಎಂಬ ಹಳ್ಳಿಯ ಮೇಷ್ಟರು ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯಮಾಡಿಕೊಂಡು ಬಂದಿದ್ದರು. ಹೆಚ್ಚು ಹೊತ್ತು ಮಾತನಾಡಲಾಗದು. ಶಾಲೆಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. 1926ರಿಂದ ಅವರ ಮಕ್ಕಳು ತಾವೇ ಬರೆದು ಅಚ್ಚುಹಾಕಿದ ಹಾಳೆಗಳನ್ನು ದೇಶದ ಆಚೆ ತುದಿಯ ಬ್ರಿಟನಿಯ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸಿ, ಅವರದನ್ನು ತರಿಸಿಕೊಂಡು ಓದಿದರು. ಅಂಚೆಯ ಜಾಗಕ್ಕೆ ತೆರೆ ಬಂದದ್ದು ಈಚೆಗೆ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ರೂಬಿನ್ ಎಂಬ ಚಲನಚಿತ್ರದ ಅಧ್ಯಾಪಕರು ಇದಕ್ಕೆಂದೇ ಒಂದು ಕೇಂದ್ರ ತೆರೆದದ್ದು 2006ರಲ್ಲಿ. ಯುರೋಪಿನವರು 1987ರಲ್ಲಿ 3,244 ವಿದ್ಯಾರ್ಥಿಗಳೊಡನೆ ಆರಂಭಿಸಿದ ಎರಾಸ್ಮಸ್ ಯೋಜನೆಗೆ 2021ರಲ್ಲಿ ಒಂದು ಹೊಸ ಕವಲು ಸೇರಿಸಿದರು: ಐದರಿಂದ ಮೂವತ್ತು ದಿನ ಪ್ರಯಾಣ, ಅದರೊಡನೆ ಆನ್‌ಲೈನ್ ಕೆಲಸ ಕಡ್ಡಾಯ.

ನಮ್ಮ ನೆರೆಯಲ್ಲೂ ಇಂಥವು ನಡೆದಿವೆ. ಅಯೋವಾ ವಿಶ್ವವಿದ್ಯಾನಿಲಯದವರು ಚಳಿಗಾಲದ ರಜೆಯ ಮೂರು ವಾರ ಭಾರತದಲ್ಲಿ ಕಲಿಯುವ ಕ್ರಮವನ್ನು 2006ರಲ್ಲಿ ಆರಂಭಿಸಿದರು. ಅವರ ತಂಡಗಳು ಮೈಸೂರಿಗೂ ಬಂದವು. ಬೆಟ್ಟ ಹತ್ತಿದರೆ ಕೋಟಗಿರಿ. ಅಲ್ಲಿ ಕೀಸ್ಟೋನ್ ಪ್ರತಿಷ್ಠಾನವೂ ಕಾರ್ನೆಲ್ ವಿಶ್ವವಿದ್ಯಾನಿಲಯವೂ 2015ರಲ್ಲಿ ಇನ್ನೂ ಒಳ್ಳೆಯ ಕೆಲಸ ಮಾಡಿದವು: ಅಮೆರಿಕದ ವಿದ್ಯಾರ್ಥಿಗಳನ್ನೂ ನೀಲಗಿರಿಯ ಆದಿವಾಸಿ ಯುವಕರನ್ನೂ ಒಂದೇ ತರಗತಿಯಲ್ಲಿ ಕೂರಿಸಿದರು. ನೋಡುವವನೂ ನೋಡಿಸಿಕೊಳ್ಳುವವನೂ ಇಬ್ಬರೂ ವಿದ್ಯಾರ್ಥಿಗಳು.

ಭೀಮನಬೀಡಿನ ಒಲೆಗೆ ಮರಳುತ್ತೇನೆ. ಮೂರು ತಿಂಗಳು ಆ ನಾಲ್ವರು ಅಲ್ಲಿಂದಲೇ ಕೊಪ್ಪರಿಗೆಗೆ ಒಂದು ಲೋಹದ ಮುಚ್ಚಳದ ನಕ್ಷೆ ಬರೆದಿದ್ದರು. ನಮ್ಮ ಹುಡುಗಿ ಒಂದು ಸಂಜೆ ಫೋನನ್ನು ಹಿಡಿದು ತೋರಿಸಿದಳಂತೆ: ಅರಿಶಿನದ ಎಲೆಯನ್ನೇ ಮೇಲೆ ಹೊದಿಸಿ ಗೋಣಿತಾಟು ಮುಚ್ಚುತ್ತಾರೆ, ಆವಿ ಹೊರಗೆ ಹೋಗುವುದೇ ಅಪರೂಪ. ಅತ್ತ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಮುಚ್ಚಳ ಹೋಯಿತು, ಒಲೆಯ ಬಾಯಿಯನ್ನು ಕಿರಿದುಮಾಡುವ ಮಾತು ಬಂತು. ಅವರು ಬಂದಿಳಿದ ಮೊದಲ ದಿನವೇ ಮಣ್ಣು ಕಲಸಿದರು. ಊರು ತೋರಿಸು, ಆನೆ ತೋರಿಸು ಎಂದು ಕೇಳಲಿಲ್ಲ. ಬರುವ ಮೊದಲೇ ಅವರು ಅರ್ಧ ಬಂದಿದ್ದರು.

ಜೂನಿನಲ್ಲಿ ಇವಳು ಅಲ್ಲಿಗೆ ಹೋಗಬೇಕಿತ್ತು. ಟಿಕೆಟ್ಟಿಗೆ ಹಣ ಹೊಂದಿತ್ತು. ವೀಸಾ ಮಾತ್ರ ಹೊತ್ತಿಗೆ ಸರಿಯಾಗಿ ಕೈಗೆ ಬರಲಿಲ್ಲ. ಆ ನಾಲ್ವರು ಸಭೆಯಲ್ಲಿ ನಿಂತು ಮಾತಾಡಿದರು. ಇವಳು ಹಾಸ್ಟೆಲಿನ ಕೋಣೆಯಿಂದ ತನ್ನ ಭಾಗವನ್ನು ಹೇಳಿದಳು. ನಡುವೆ ಎರಡು ಸಲ ಕರೆಂಟು ಹೋಯಿತು. ಇಲ್ಲಿಗೆ ಬರುವುದು ಅವರಿಗೆ ಸಲೀಸು, ಅಲ್ಲಿಗೆ ಹೋಗುವುದು ನಮಗಲ್ಲ. ಈ ಹೊಸ ವಿದ್ಯೆಯಲ್ಲೂ ಅದು 1954ರಲ್ಲಿದ್ದ ಹಾಗೆಯೇ ಇದೆ.

ವರದಿ ಅಚ್ಚಾಗಿ ಬಂತು. ಮೇಲೆ ಐದು ಹೆಸರು, ಅಕ್ಷರದ ಅನುಕ್ರಮದಲ್ಲಿ, ಇವಳದು ಎರಡನೆಯದು. ಅತ್ತೆಮ್ಮ ಕನ್ನಡಕ ಹಾಕಿಕೊಂಡು, "ಎಲ್ಲವ್ವ ನಿನ್ ಹೆಸ್ರು?" ಎಂದರು. ಅವಳು ಬೆರಳಿಟ್ಟು ತೋರಿಸಿ, ಇಂಗ್ಲಿಷ್ ಬಾರದವರೆಂದು ಪಕ್ಕದಲ್ಲಿ ಪೆನ್ನಿನಿಂದ ಕನ್ನಡದಲ್ಲಿ ಬರೆದಳು. ಅತ್ತೆಮ್ಮ ನಿಧಾನವಾಗಿ ಕೂಡಿಸಿ ಓದಿಕೊಂಡರು.

"ಸರಿ, ಅವ್ರು ಬಂದ್ ಹೋದ್ರು. ನೀನ್ ಹೋಗೋದ್ಯಾವಾಗ?"

"ವೀಸಾಕ್ಕೆ ಮತ್ತೆ ಅರ್ಜಿ ಹಾಕಿವ್ನಿ ಅಜ್ಜಿ," ಎಂದಳು ಅವಳು.