ಬೇಳೆ ಮಿಲ್ಲಿನ ಬಿಸಿಲು, ಸರಕಾರದ ಸಾಲ

ಇಜೇರಿ ಕಡೆಯ ಎರೆಹೊಲದ ತೊಗರಿ ಬಹುಪಾಲು ಚೀಲ ತುಂಬಿ ಪ್ಯಾಟಿಗೆ ಹೋಗ್ತದೆ, ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಬೇಳೆಯಾಗ್ತದೆ. ಊರಲ್ಲೇ ಯಾಕೆ ಆಗಬಾರದು? ಈ ಪ್ರಶ್ನೆಗೆ ಸ್ವಲ್ಪ ಹಳೇ ಕಥೆ ಬೇಕು.

ಜೇವರ್ಗಿ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1929ರಲ್ಲಿ ಹೈದರಾಬಾದ್ ಸರಕಾರ ಒಂದು ಕೋಟಿ ರೂಪಾಯಿಯ ಕೈಗಾರಿಕಾ ನಿಧಿ ಸ್ಥಾಪಿಸಿತು. ದೊಡ್ಡ ಕಾರ್ಖಾನೆಗಳಲ್ಲಿ ಷೇರು, ಸಣ್ಣವರಿಗೆ ಸಾಲ ಅಂತ ಉದ್ದೇಶ. ಆದರೆ ಇವತ್ತಿಗೂ ಆ ನಿಧಿಯ ಹೆಸರಲ್ಲಿ ನೆನಪಾಗೋದು ನಿಜಾಮ್ ಸಕ್ಕರೆ ಕಾರ್ಖಾನೆ, ಸಿರ್ಪುರ್ ಕಾಗದದ ಗಿರಣಿ. ಎರಡೂ ತೆಲಂಗಾಣದವು!

ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ ಬಂತು, ಯಂತ್ರಗಳನ್ನು ಕಂತಿನ ಮೇಲೆ ಕೊಡತೊಡಗಿತು. ಏಕೀಕರಣದ ನಂತರ 1959ರಲ್ಲಿ ಈಗಿನ ಕೆಎಸ್‌ಎಫ್‌ಸಿ ಹುಟ್ಟಿತು.

ಈಗ ಮಿಲ್ಲಿನೊಳಗೆ ಬರೋಣ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಂತೆ ಕೂತಿರುತ್ತದೆ. ಉರುಳುವ ಅರದ ಕಲ್ಲಿಗೆ ಕಾಳು ಹಾಕಿ ಸಿಪ್ಪೆ ಗೀರಬೇಕು, ಎಣ್ಣೆ ಸವರಬೇಕು, ಅಂಗಳದಲ್ಲಿ ಹರವಿ ದಿನಗಟ್ಟಲೆ ಬಿಸಿಲಿಗೆ ಒಣಗಿಸಬೇಕು. ಮೋಡ ಕವಿದರೆ ಮಿಲ್ಲೇ ಬಂದ್. ನೂರು ಕಿಲೋ ತೊಗರಿಯಲ್ಲಿ ಬೇಳೆಯ ಪಾಲು ಸುಮಾರು 85 ಕಿಲೋ. ಹಳೇ ಪದ್ಧತಿಯಲ್ಲಿ ಕೈಗೆ ಸಿಗುತ್ತಿದ್ದದ್ದು 70-75. ಉಳಿದದ್ದು ನುಚ್ಚು, ಪುಡಿ, ದನದ ಬಾಯಿಗೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಬಿಸಿಲಿನ ಬದಲು ಬಿಸಿಗಾಳಿ ಕೊಟ್ಟು 80 ಕಿಲೋ ತನಕ ತೆಗೆಯುವ ವಿಧಾನ ತೋರಿಸಿದರು. ನನ್ನ ಮಟ್ಟಿಗೆ ಆಧುನೀಕರಣ ಅಂದರೆ ಇದು.

ಆದರೆ ಬಿಸಿಗಾಳಿ ಯಂತ್ರಕ್ಕೆ ದುಡ್ಡು? 2000ದಲ್ಲಿ ಕೇಂದ್ರ ಸರಕಾರ ಸಣ್ಣ ಕೈಗಾರಿಕೆಗಳ ಹೊಸ ಯಂತ್ರಕ್ಕೆ ಸಬ್ಸಿಡಿ ಯೋಜನೆ ತಂದಿತು. ಮೊದಲು ಶೇ. 12, 2005ರಿಂದ ಶೇ. 15, ಒಂದು ಕೋಟಿಯ ಯಂತ್ರಕ್ಕೆ ಹದಿನೈದು ಲಕ್ಷ. ಅದೂ ಬ್ಯಾಂಕ್ ಸಾಲ ಸಿಕ್ಕರೆ ಮಾತ್ರ. ಅಡವಿಡಲು ಆಸ್ತಿ ಇದ್ದವನಿಗೆ ಸಾಲ, ಸಾಲ ಇದ್ದವನಿಗೆ ಸಬ್ಸಿಡಿ. ನಾಲ್ಕೆಕರೆ ಒಣಬೇಸಾಯದವನು ಬಾಗಿಲಲ್ಲೇ ನಿಂತ. ಇನ್ನೊಂದು ಮಾತು: ಸುಗ್ಗಿಯಲ್ಲಿ ತೊಗರಿ ಕೊಂಡಿಡಲು ಬೇಕಾದ ಹಣ ಕಡಿಮೆಯೇನಲ್ಲ, ಸಬ್ಸಿಡಿ ಲೆಕ್ಕ ಮಾತ್ರ ಯಂತ್ರದ್ದು.

ಆ ಯೋಜನೆ 2020ರ ಮಾರ್ಚ್‌ಗೆ ಮುಗಿಯಿತು. ಅದೇ ವರ್ಷ ಜೂನ್‌ನಲ್ಲಿ ಕಿರು ಆಹಾರ ಘಟಕಗಳಿಗೆ ಹೊಸದು ಬಂತು, ಕಲಬುರಗಿಗೆ ಗೊತ್ತುಮಾಡಿದ ಬೆಳೆ ತೊಗರಿಯೇ. ಕೇಂದ್ರದ್ದು ಶೇ. 35, ಅದರ ಮೇಲೆ ಕರ್ನಾಟಕ ಶೇ. 15 ಸೇರಿಸಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ದುಡಿಯುವ ಬಂಡವಾಳ, ಸಣ್ಣ ಸಲಕರಣೆ ಅಂತ ತಲಾ 40,000 ರೂಪಾಯಿ ತನಕ ಬೇರೆ. ಬರೇ ಯಂತ್ರಕ್ಕಲ್ಲದೆ ಸರಕಿಗೂ ಹಣ ಬೇಕು ಅಂತ ಒಪ್ಪಿಕೊಂಡ ಈ ಸಣ್ಣ ಮೊತ್ತವೇ ನನಗೆ ಹೆಚ್ಚು ಹಿಡಿಸಿದ್ದು.